ನೇಕಾರ ಓಣಿಯಲ್ಲಿ ನಿಂತ ಸಂಜೆ

ನಮ್ಮೂರಿಗೆ ಇದ್ದದ್ದು ಒಂದೇ ಸಂಜೆ. ಅದನ್ನು ಓಣಿಯಿಂದ ಓಣಿಗೆ ಕಳಿಸುವ ನೌಕರಿ ನನ್ನದಾಗಿತ್ತು. ಸಂಜೆ ಕಚೇರಿ ಎಂಬ ಬೋರ್ಡಿನ ಕೆಳಗೆ ಕೂತವನು ನಾನೊಬ್ಬನೇ ಆದ್ದರಿಂದ ಅಲ್ಲಿಯ ಸಾಹೇಬನೂ ನಾನೇ, ಕಸ ಹೊಡೆಯುವವನೂ ನಾನೇ. ಊರ ಜನ ನನ್ನನ್ನು ಸಂಜೀ ಸಾಹೇಬ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ಬಿಡಿಸಿ ನೋಡಲು ಹೋಗಿರಲಿಲ್ಲ. ನೋಡಿದ್ದರೆ ಬೇಜಾರಾಗುತ್ತಿತ್ತು ಎಂಬುದು ಗೊತ್ತಿತ್ತು. ಸಂಗನಬಸಪ್ಪ ಎಂಬ ನನ್ನ ನಿಜವಾದ ಹೆಸರು ಅಕ್ಕನ ಬಾಯಲ್ಲಿ ಮಾತ್ರ ಉಳಿದಿತ್ತು, ಅದೂ ಸಂಗೂ ಎಂದು ಮೋಟಾಗಿ.

ಸಂಜೆ ಮೊದಲು ಕೋಟೆ ಬೀದಿಗೆ ಬರುತ್ತಿತ್ತು. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಅಲ್ಲಿದ್ದು ಗಾಣಿಗರ ಬೀದಿಗೆ ಹೋಗುತ್ತಿತ್ತು, ಅದು ಅತ್ತ ಹೋದೊಡನೆ ಇತ್ತ ಕೋಟೆ ಬೀದಿಯಲ್ಲಿ ರಾತ್ರಿ. ಆಮೇಲೆ ನೇಕಾರ ಓಣಿ, ಬಳೆಗಾರ ಓಣಿ, ಪೇಟೆ ಸಾಲು, ಹೀಗೆ. ಒಂದು ಬೀದಿಯಲ್ಲಿ ಮಕ್ಕಳು ಉಂಡು ಮಲಗಿರುವಾಗ ಮಗ್ಗುಲ ಓಣಿಯಲ್ಲಿ ಬಿಸಿಲಿಗೆ ಹಪ್ಪಳ ಒಣಗುತ್ತಿರುತ್ತಿದ್ದವು. ಬೇರೆ ಊರಿಂದ ಬಂದ ಸೊಸೆಯಂದಿರಿಗೆ ಮೊದಮೊದಲು ತಲೆ ತಿರುಗುತ್ತಿತ್ತು, ಆಮೇಲೆ ಅವರೇ ಎಲ್ಲರಿಗಿಂತ ಚೆನ್ನಾಗಿ ಅದರ ಉಪಯೋಗ ಕಲಿಯುತ್ತಿದ್ದರು. ಗಂಡನ ಮನೆಯಲ್ಲಿ ಸಂಜೆ ಮುಗಿಸಿ, ಗೆಳತಿಯ ಓಣಿಗೆ ಹೋಗಿ ಅಲ್ಲಿ ಮತ್ತೊಂದು ಸಂಜೆ ಕಟ್ಟೆಯ ಮೇಲೆ ಕೂತು ಅತ್ತೆಯನ್ನು ಬಯ್ಯುತ್ತಿದ್ದರು. ಮಿರ್ಚಿ ಭಜಿ ಮಾರುವ ದಾವಲಸಾಬ ಕೈಗಾಡಿ ತಳ್ಳಿಕೊಂಡು ಸಂಜೆಯ ಹಿಂದೆಯೇ ಊರು ಸುತ್ತುತ್ತಿದ್ದ. ಮಧ್ಯಾಹ್ನದಲ್ಲಿ ಭಜಿ ತಿನ್ನುವವರು ಯಾರು? ಇನ್ನು ಕೆಲಸದ ವಿಷಯ. ನಮ್ಮೂರಲ್ಲಿ ಸೂರ್ಯನನ್ನು ನೋಡಿ ಯಾರೂ ಕೈ ತೊಳೆಯುತ್ತಿರಲಿಲ್ಲ. ತಮ್ಮ ಓಣಿಗೆ ಸಂಜೆ ಬಂದರೆ ಕೆಲಸ ನಿಂತಿತು, ಬರುವತನಕ ಇಲ್ಲ. ಅದು ಯಾರು ಮಾಡಿದ ಕಟ್ಟಳೆಯೋ, ಎಲ್ಲರೂ ಪಾಲಿಸುತ್ತಿದ್ದರು.

ಇದನ್ನೆಲ್ಲ ನಡೆಸುತ್ತಿದ್ದ ಯಂತ್ರ ನೋಡಲು ಏನೂ ಇರಲಿಲ್ಲ. ಕೀಬೋರ್ಡಿನ ಹೊಟ್ಟೆಯೊಳಗೇ ಕಂಪ್ಯೂಟರು, ಅದಕ್ಕೊಂದು ಹಳೆಯ ಟಿವಿ, ಒಂದು ಟೇಪ್ ರೆಕಾರ್ಡರು. ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿರುತ್ತಿತ್ತು. ದಿನಾ ಮಧ್ಯಾಹ್ನ ಅದನ್ನು ಹಾಕಿದರೆ ಚೀರುತ್ತ ಚೀರುತ್ತ ಯಂತ್ರದೊಳಗೆ ಇಳಿಯುತ್ತಿತ್ತು, ಆ ಚೀರಾಟ ಕೇಳಿ ಕೋಟೆ ಬೀದಿಯ ಹೆಂಗಸರು ಅಕ್ಕಿ ತೊಳೆಯಲು ಏಳುತ್ತಿದ್ದರು. ಬರೆದವರು ನನಗಿಂತ ಮೊದಲಿದ್ದ ಹಣಮಂತರಾಯರು. ಸಾಲಿಗೊಂದು ನಂಬರು: ಹತ್ತು, ಇಪ್ಪತ್ತು, ಮೂವತ್ತು. ಆ ಯಂತ್ರಕ್ಕೆ ತಿಳಿಯುವ ಭಾಷೆಯೇ ಅಂಥದು. ನಂಬರಿನ ಪ್ರಕಾರ ಸಾಲುಗಳನ್ನು ಒಂದಾದ ಮೇಲೊಂದು ಮಾಡುತ್ತ ಹೋಗುತ್ತದೆ. ನಡುವೆ ಗೋಟು ಎಂದು ಬರೆದು ಒಂದು ನಂಬರು ಕೊಟ್ಟರೆ ಆ ಸಾಲಿಗೆ ಜಿಗಿಯುತ್ತದೆ. ರಾಯರು ಜಿಗಿಸುವುದರಲ್ಲಿ ಕೈ ಬಿಗಿ ಹಿಡಿದವರಲ್ಲ. ಒಂದೊಂದು ಓಣಿ ಮುಗಿದಾಗಲೂ ಯಂತ್ರ ನಿಂತು ‘ಮುಂದೆ?’ ಎಂದು ಕೇಳುತ್ತಿತ್ತು, ನಾನು ಗುಂಡಿ ಒತ್ತುತ್ತಿದ್ದೆ. ವರ್ಷಗಟ್ಟಲೆ ನಾನು ಮಾಡಿದ್ದು ಇಷ್ಟೇ. ಆದರೂ ಮದುವೆ ಮುಂಜಿವೆಗಳಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಹಾಕದಿದ್ದರೆ ನನಗೆ ಮುಖ ಗಂಟಾಗುತ್ತಿತ್ತು. ಕಚೇರಿ ಇದ್ದದ್ದು ಊರ ನಡುವಿನ ಚೌಕದಲ್ಲಿ. ಚೌಕ ಯಾವ ಓಣಿಗೂ ಸೇರಿದ್ದಲ್ಲವಾದ್ದರಿಂದ ಅಲ್ಲಿಗೆ ಸಂಜೆ ಬರುತ್ತಿರಲಿಲ್ಲ. ಊರಿಗೆಲ್ಲ ಸಂಜೆ ಹಂಚುವ ನಾನು ನೌಕರಿ ಸೇರಿದ ಮೇಲೆ ಒಂದು ಸಂಜೆಯನ್ನೂ ಕಂಡಿರಲಿಲ್ಲ.

ನನ್ನ ಅಕ್ಕ ನೀಲಗಂಗವ್ವ ಇದ್ದದ್ದು ನೇಕಾರ ಓಣಿಯ ಕಟ್ಟಕಡೆಯ ಮನೆಯಲ್ಲಿ. ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿ, ಮಗ್ಗದ ಕೂಲಿಯಲ್ಲಿ ಶಾಲೆ ಕಲಿಸಿದವಳು ಅವಳು. ನನಗೆ ನೌಕರಿ ಸಿಕ್ಕ ವರ್ಷವೇ ಅವಳ ಕಣ್ಣು ಕೆಟ್ಟವು. ಹಗಲಿನ ಬೆಳಕು ಅವಳಿಗೆ ಬಿಳಿ ಬಟ್ಟೆ ಕಟ್ಟಿದ ಹಾಗೆ, ರಾತ್ರಿಯ ದೀಪ ಬರೀ ಒಂದು ಕಲೆ. ಸಂಜೆಯ ಬೆಳಕಿನಲ್ಲಿ ಮಾತ್ರ ಎಲ್ಲವೂ ಮೊದಲಿನಂತೆ ಕಾಣುತ್ತಿತ್ತು. ಕಣ್ಣು ಕೆಡುವ ಮುಂಚೆ ಒಂದು ಸೀರೆಯನ್ನು ಮಗ್ಗಕ್ಕೆ ಹಾಕಿದ್ದಳು, ನವಿಲುಗೊರಳಿನ ಬಣ್ಣ, ಕೆಂಪು ಅಂಚು, ಕೂಲಿಗಲ್ಲ, ತಾನೇ ಉಡಬೇಕೆಂದು. ಅದು ಅರ್ಧಕ್ಕೇ ಮಗ್ಗದ ಮೇಲೆ ನಿಂತಿತ್ತು. ಬೇರೆಯವರು ಮುಗಿಸಿಕೊಡುತ್ತೇವೆಂದರೆ ಒಪ್ಪಲಿಲ್ಲ. ಸಂಜೆ ಬಂದಾಗ ಮಗ್ಗದ ಮುಂದೆ ಕೂತು ಹರಿದ ಎಳೆಗಳನ್ನು ಗಂಟು ಹಾಕುವಷ್ಟರಲ್ಲಿ ಸಂಜೆ ಬಳೆಗಾರ ಓಣಿಗೆ ಹೋಗಿಬಿಡುತ್ತಿತ್ತು, ಸೀರೆ ಇದ್ದಲ್ಲೇ ಇರುತ್ತಿತ್ತು. ನಾನು ಬೆಳಿಗ್ಗೆ ಹೋಗಿ ಅವಳ ಕೈಯ ರೊಟ್ಟಿ ತಿಂದು, ನನ್ನ ನೌಕರಿಯ ದೊಡ್ಡಸ್ತಿಕೆ ಹೇಳಿ, ಮಧ್ಯಾಹ್ನಕ್ಕೆ ಕಚೇರಿ ಸೇರುತ್ತಿದ್ದೆ. ಸಂಜೆಗೆ ರಜೆ ಇಲ್ಲ, ನನಗೂ ಇಲ್ಲ.

ಹೀಗಿರುವಾಗ ಊರ ಅಧ್ಯಕ್ಷೆ ಕಾಶೀಬಾಯಿಯವರು ನನ್ನನ್ನು ತರಬೇತಿಗೆಂದು ಶಹರಕ್ಕೆ ಕಳಿಸಿದರು. ನನ್ನ ಕೇಡಿಗೆ ನಾನು ಅಲ್ಲಿ ಚೆನ್ನಾಗಿ ಕಲಿತೆ. ಟೈ ಕಟ್ಟಿದ ಗುರುಗಳು ಹೊಸ ಕಾಲದ ಭಾಷೆ ಹೇಳಿಕೊಟ್ಟರು. ಅದರಲ್ಲಿ ಸಾಲಿಗೆ ನಂಬರು ಇಲ್ಲ, ಜಿಗಿತ ಇಲ್ಲ. ಪ್ರತಿಯೊಂದು ಕೆಲಸಕ್ಕೂ ಒಂದು ತುಂಡು, ಆ ತುಂಡಿಗೆ ಒಂದೇ ಬಾಗಿಲು ಒಳಗೆ, ಒಂದೇ ಬಾಗಿಲು ಹೊರಗೆ. ತುಂಡು ಮುಗಿದರೆ ಯಾರೂ ಹೇಳದೆ ಕರೆದಲ್ಲಿಗೇ ಮರಳುತ್ತದೆ. ಗೋಟು ಬರೆಯುವವನು ಮನೆಗೆ ಗೋಡೆ ಹಾರಿ ಬರುವವನಿದ್ದಂತೆ ಎಂದು ಗುರುಗಳು ಹೇಳಿದಾಗ, ಇಷ್ಟು ವರ್ಷ ಎಂಥ ಕಳ್ಳರ ಸಹವಾಸದಲ್ಲಿದ್ದೆನಲ್ಲ ಎಂದು ನನಗೆ ಮೈಯೆಲ್ಲ ಹೇಸಿಗೆಯಾಯಿತು. ಊರಿಗೆ ಬಂದವನು ನೆಟ್ಟಗೆ ನಡೆಯಲು ಶುರುಮಾಡಿದೆ. ದಾರಿಯಲ್ಲಿ ಯಾರಾದರೂ ಅಡ್ಡ ಸಂದಿ ಹಿಡಿದು ಹೋದರೂ ಮೂಗು ಮುರಿಯುತ್ತಿದ್ದೆ. ಇಡೀ ಸಂಜೆಯನ್ನು ಹೊಸ ಭಾಷೆಯಲ್ಲಿ ಹೊಸದಾಗಿ ಬರೆದೆ. ಎಷ್ಟು ಚೆಂದ ಬಂದಿತ್ತೆಂದರೆ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಡುವ ಯೋಚನೆಯೂ ಬಂತು.

ಯಂತ್ರಕ್ಕೆ ಅದರ ಒಂದು ಅಕ್ಷರವೂ ತಿಳಿಯಲಿಲ್ಲ. ಕಾಶೀಬಾಯಿಯವರ ಹತ್ತಿರ ಹೋಗಿ ಹೊಸ ಯಂತ್ರ ಬೇಕೆಂದೆ. ಅವರು ತಮ್ಮ ಮನೆಯ ಅಟ್ಟದ ಮೇಲಿನ ಹಳೆಯ ಹೊಲಿಗೆ ಯಂತ್ರ ತೋರಿಸಿ, ಅದು ಅವರ ಅಜ್ಜಿಯದೆಂದೂ ಇನ್ನೂ ಹೊಲಿಯುತ್ತದೆಂದೂ ಹೇಳಿದರು. ಅಂದರೆ ಇಲ್ಲ ಎಂದು ಅರ್ಥ. ಹಾಗಾದರೆ ಹಣಮಂತರಾಯರದೇ ಇರಲಿ ಬಿಡು ಎಂದೂ ಅಂದರು. ಅದು ಮಾತ್ರ ನನಗೆ ಆಗದ ಮಾತು. ಹೊಸ ಭಾಷೆಯಲ್ಲಿ ಬರೆದದ್ದನ್ನು ಹಳೆಯ ಭಾಷೆಗೆ ನಾನೇ ಕೈಯಾರೆ ಅನುವಾದ ಮಾಡುತ್ತೇನೆಂದು ಎದೆ ತಟ್ಟಿಕೊಂಡು ಬಂದೆ.

ಆ ಕೆಲಸದ ಫಜೀತಿಯನ್ನು ಯಾರಿಗೆ ಹೇಳುವುದು? ಹೊಸ ಭಾಷೆಯಲ್ಲಿ ‘ಅನ್ನ ಬೇಯುವವರೆಗೆ ಕಾಯಿ’ ಎಂದರೆ ಮುಗಿಯಿತು. ಹಳೆಯದರಲ್ಲಿ, ಅನ್ನ ಬೆಂದಿದ್ದರೆ ಇಂಥ ಸಾಲಿಗೆ ಹೋಗು, ಬೆಂದಿಲ್ಲದಿದ್ದರೆ ಸ್ವಲ್ಪ ಕಾಯಿ, ಕಾದು ಮತ್ತೆ ಮೊದಲಿನ ಸಾಲಿಗೇ ಹೋಗು ಎನ್ನಬೇಕು. ‘ಹೀಗಾದರೆ ಇದು, ಇಲ್ಲದಿದ್ದರೆ ಅದು’ ಎನ್ನಬೇಕಾದರೆ ಇದನ್ನು ಮಾಡಿದ ಮೇಲೆ ಅದರ ತಲೆಯ ಮೇಲಿಂದ ಹಾರಿಸಬೇಕು. ಒಂದೊಂದು ಮಾತಿಗೂ ಒಂದೊಂದು ಜಿಗಿತ. ಹಣಮಂತರಾಯರ ಇಡೀ ಪ್ರೋಗ್ರಾಮಿನಲ್ಲಿದ್ದ ಗೋಟುಗಳನ್ನು ನಾನು ಕೋಟೆ ಬೀದಿ ದಾಟುವ ಮುಂಚೆಯೇ ಖರ್ಚು ಮಾಡಿದ್ದೆ. ಮಾಂಸ ಮುಟ್ಟುವುದಿಲ್ಲವೆಂದು ದೀಕ್ಷೆ ತೊಟ್ಟು ಬಂದವನಿಗೆ ಮಾಂಸದೂಟದ ಖಾನಾವಳಿಯಲ್ಲಿ ಅಡುಗೆಯ ಕೆಲಸ ಸಿಕ್ಕ ಹಾಗಾಗಿತ್ತು ನನ್ನ ಗತಿ. ಓಣಿಗೊಂದು ತುಂಡು ಮಾಡಿ, ಅವನ್ನೆಲ್ಲ ಕೆಳಗೆ ದೊಡ್ಡ ನಂಬರುಗಳಲ್ಲಿ ಇಟ್ಟೆ. ಮೇಲಿನ ಮುಖ್ಯ ಭಾಗದಿಂದ ಒಂದೊಂದು ತುಂಡಿಗೆ ಹೋಗಿ ಬರಬೇಕು. ಅದಕ್ಕೆ ಹಳೆಯ ಭಾಷೆಯಲ್ಲಿ ಗೋಸಬ್ ಎಂದು ಬರೆಯಬೇಕು, ತುಂಡಿನ ಕೊನೆಗೆ ರಿಟರ್ನ್ ಎಂದು ಹೇಳಲೇಬೇಕು. ಹೇಳದಿದ್ದರೆ ಮರಳುವುದಿಲ್ಲ. ಇಷ್ಟು ತಿಳಿವಳಿಕೆ ತಾನಾಗಿಯೇ ಇರಬಾರದೇ ಎಂದು ಗೊಣಗುತ್ತ ಪ್ರತಿ ತುಂಡಿಗೂ ರಿಟರ್ನ್ ಹಾಕುತ್ತ ಹೋದೆ. ರಾಯರ ಕಾಲದ ‘ಮುಂದೆ?’ ಎಂಬ ಪ್ರಶ್ನೆಯನ್ನೂ ಕಿತ್ತು ಬಿಸಾಡಿದೆ. ನನ್ನ ಪ್ರೋಗ್ರಾಮು ಯಾರನ್ನೂ ಏನೂ ಕೇಳುವಂಥದಲ್ಲ. ಎಲ್ಲಕ್ಕಿಂತ ಕೊನೆಗೆ ಬರೆದದ್ದು ನೇಕಾರ ಓಣಿಯ ತುಂಡು, ಅಕ್ಕನ ಓಣಿ, ಸ್ವಲ್ಪ ಪ್ರೀತಿಯಿಂದ ಬರೆಯೋಣವೆಂದು ಕೊನೆಗೆ ಉಳಿಸಿಕೊಂಡಿದ್ದೆ.

ಹೊಸ ಪ್ರೋಗ್ರಾಮು ಓಡುವ ದಿನ ಕಾಶೀಬಾಯಿಯವರು ಬಂದು ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದರು. ನಾನು ಇಸ್ತ್ರಿ ಅಂಗಿ ತೊಟ್ಟು ಗುಂಡಿ ಒತ್ತಿದೆ. ಸಂಜೆ ಕೋಟೆ ಬೀದಿಗೆ ಬಂತು, ಹೋಯಿತು. ಗಾಣಿಗರ ಬೀದಿಗೆ ಬಂತು, ಹೋಯಿತು. ನೇಕಾರ ಓಣಿಗೆ ಬಂತು. ಟಿವಿಯ ಮೇಲೆ ಹಸಿರು ಅಕ್ಷರದಲ್ಲಿ ‘ತಯಾರಿದ್ದೇನೆ’ ಎಂದು ಮೂಡಿತು. ನಾನು ಅದನ್ನು ಯಂತ್ರದ ಮೆಚ್ಚುಗೆ ಎಂದುಕೊಂಡು ಕಾಶೀಬಾಯಿಯವರಿಗೆ ಪೇಡಾ ಕೊಟ್ಟೆ. ಕೆಲಸ ಮುಗಿಯಿತು, ಇನ್ನೇನೂ ಮಾಡುವುದಿಲ್ಲ ಎಂದು ಅದರ ಅರ್ಥವೆಂದು ತಿಳಿದದ್ದು, ಬಳೆಗಾರ ಓಣಿಯಲ್ಲಿ ಮಟಮಟ ಬಿಸಿಲು ಇದ್ದಕ್ಕಿದ್ದಂತೆ ಕತ್ತಲಾಗಿ, ಅಲ್ಲಿಯ ಜನ ನನ್ನ ಬಾಗಿಲು ಬಡಿದಾಗ.

ಸಂಜೆ ನೇಕಾರ ಓಣಿಯಲ್ಲಿ ನಿಂತುಬಿಟ್ಟಿತು. ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಎಷ್ಟು ಸಲ ಗುಂಡಿ ಒತ್ತಿದರೂ ಯಂತ್ರ ತಯಾರಿದ್ದೇನೆ ಎನ್ನುತ್ತಿತ್ತೇ ಹೊರತು ಸಂಜೆ ಕದಲಲಿಲ್ಲ. ಹಳೆಯದನ್ನೇ ಹಾಕೋಣವೆಂದರೆ ರಾಯರ ಕ್ಯಾಸೆಟ್ಟಿನ ಮೇಲೆಯೇ ನನ್ನದನ್ನು ತುಂಬಿಬಿಟ್ಟಿದ್ದೆ. ನಾನು ಎಲ್ಲವನ್ನೂ ಸಂಶಯಿಸಿದೆ, ನನ್ನೊಬ್ಬನನ್ನು ಬಿಟ್ಟು. ಟೇಪ್ ರೆಕಾರ್ಡರಿನ ಮೂತಿಯನ್ನು ಸ್ಪಿರಿಟ್ ಹಚ್ಚಿ ಒರೆಸಿದೆ. ಕರೆಂಟಿನವರ ಜೊತೆ ಜಗಳವಾಡಿದೆ. ಟಿವಿಯ ಮೇಲೆ ಕೂತ ಹಲ್ಲಿಯನ್ನು ಓಡಿಸಿದೆ. ಪ್ರೋಗ್ರಾಮನ್ನು ಓದುತ್ತಿದ್ದೆ ನಿಜ, ಆದರೆ ತಪ್ಪು ಹುಡುಕುವವನ ಹಾಗಲ್ಲ, ಕನ್ನಡಿ ನೋಡಿಕೊಳ್ಳುವವನ ಹಾಗೆ ಓದುತ್ತಿದ್ದೆ. ಬೆಳಿಗ್ಗೆ ಅಕ್ಕನ ರೊಟ್ಟಿಗೂ ಹೋಗದೆ ಕಚೇರಿಯಲ್ಲೇ ಬಿದ್ದಿದ್ದೆ.

ಊರು ಹೇಗೋ ಹೊಂದಿಕೊಳ್ಳಲು ನೋಡಿತು. ಸಂಜೆ ಬೇಕಾದವರು ನೇಕಾರ ಓಣಿಗೇ ಬರತೊಡಗಿದರು. ಚಾಪೆ ಹಿಡಿದು ಬಂದರು, ಕೂಸು ಎತ್ತಿಕೊಂಡು ಬಂದರು, ಬೀಗರನ್ನು ಕರಕೊಂಡು ಬಂದರು. ಮೇಯಲು ಹೋದ ದನಗಳೆಲ್ಲ ಅದೇ ಓಣಿಗೆ ನುಗ್ಗಿ ನಿಂತವು. ದಾವಲಸಾಬನ ಗಾಡಿ ಕದಲುವ ಕಾರಣವೇ ಉಳಿಯಲಿಲ್ಲ. ನೇಕಾರರು ಮೊದಲು ಹಿಗ್ಗಿದರು, ಸಂಜೆಯಲ್ಲಿ ಮಗ್ಗ ಹಿಡಿಯುವ ಹಾಗಿಲ್ಲವಲ್ಲ, ಕಟ್ಟೆಯ ಮೇಲೆ ಕಾಲು ಚಾಚಿದರು. ಆಮೇಲೆ ಕೂಲಿಯೂ ಇಲ್ಲ, ಕಣ್ಣಿಗೆ ನಿದ್ದೆಯೂ ಇಲ್ಲ ಎಂದಾದಾಗ ನನಗೆ ಹಿಡಿಶಾಪ ಹಾಕಿದರು. ಉಳಿದ ಓಣಿಗಳ ಪಾಡು ಇನ್ನೂ ಕೆಟ್ಟದ್ದು. ಅಲ್ಲಿ ಸಂಜೆ ಬಾರದೆ ಕೆಲಸ ನಿಲ್ಲುವ ಹಾಗಿಲ್ಲ, ಕೆಲಸ ನಡೆದಿರುವಾಗಲೇ ಬಿಸಿಲಿನ ನಡುವೆ ರಾತ್ರಿ ಬಂದು ಬೀಳುತ್ತಿತ್ತು. ಬಳೆಗಾರ ಓಣಿಯ ಮೌಲಾಬಿ ಕುಲುಮೆಯ ಮುಂದೆ ಬಳೆ ತಿರುಗಿಸುತ್ತಿದ್ದಾಗ ಹಾಗೆ ಕತ್ತಲು ಬಿದ್ದು, ಎರಡೂ ಅಂಗೈ ಸುಟ್ಟುಕೊಂಡಳು. ಆ ಸುದ್ದಿ ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಕಾಶೀಬಾಯಿಯವರು ಕಚೇರಿಗೆ ಬಂದು, ನಿಂತುಕೊಂಡೇ, ನಾಳೆ ಕತ್ತಲಾಗುವುದರೊಳಗೆ ತಪ್ಪು ಸಿಗದಿದ್ದರೆ ಹಣಮಂತರಾಯರ ಮಗನನ್ನು ಕರೆಸುವುದಾಗಿ ಹೇಳಿ ಹೋದರು. ಆ ಮಗ ಸೈಕಲ್ ರಿಪೇರಿ ಮಾಡುವವನು.

ಶಹರದ ಗುರುಗಳು ಒಂದು ಮಾತು ಹೇಳಿದ್ದರು: ತಪ್ಪು ಸಿಗದಿದ್ದರೆ ನೀನೇ ಯಂತ್ರವಾಗಿ ಒಂದೊಂದೇ ಸಾಲು ಮಾಡುತ್ತ ಹೋಗು. ಅವರು ಹೇಳಿದ್ದು ಕಾಗದದ ಮೇಲೆ ಬೆರಳಿಟ್ಟುಕೊಂಡು. ನನಗೆ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದುದರಿಂದ, ನಾನೇ ಸಂಜೆಯಾಗಿ ಊರೊಳಗೆ ನಡೆಯುವುದೆಂದು ತೀರ್ಮಾನಿಸಿದೆ. ಮರುದಿನ ಸುಡುಬಿಸಿಲಲ್ಲಿ ಹಾಳೆಗಳನ್ನು ಹಿಡಿದು ಚೌಕದಿಂದ ಹೊರಟೆ. ಮೊದಲ ಸಾಲು ಕೋಟೆ ಬೀದಿಗೆ ಹೋಗು ಎಂದಿತು, ಹೋದೆ. ಅನ್ನ ಬೇಯುವಷ್ಟು ಹೊತ್ತು ನಿಂತೆ. ರಿಟರ್ನ್ ಎಂದಿತು, ಚೌಕಕ್ಕೆ ಮರಳಿದೆ. ಅಷ್ಟರಲ್ಲಿ ಗಾಡಿಯಲ್ಲಿ ಎಣ್ಣೆ ಡಬ್ಬಿ ಹೇರಿಕೊಂಡು ಬರುತ್ತಿದ್ದ ದಾವಲಸಾಬ ನನ್ನನ್ನು ನೋಡಿದ. ಸಂಜೀ ಸಾಹೇಬ ಹೋದಲ್ಲಿ ಸಂಜೆ ಬರುತ್ತದೆ ಎಂಬ ಆಸೆ ಅವನಿಗೆ. ಗಾಡಿ ತಳ್ಳಿಕೊಂಡು ನನ್ನ ಹಿಂದೆ ಬಿದ್ದ. ನಾನು ನಿಂತರೆ ನಿಂತ, ತಿರುಗಿದರೆ ತಿರುಗಿದ. ಗಾಣಿಗರ ಬೀದಿಯಲ್ಲಿ ನಾವಿಬ್ಬರೂ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತದ್ದನ್ನು ಕಂಡ ಮುದುಕನೊಬ್ಬ, ಸಂಜೆ ಹೋದ ಮೇಲೆ ಬುದ್ಧಿಯೂ ಹೋಯಿತೇ ಎಂದು ಕೇಳಿದ. ಪ್ರೋಗ್ರಾಮಿನಲ್ಲಿ ಮಾತಾಡು ಎಂಬ ಸಾಲು ಇರಲಿಲ್ಲ.

ನೇಕಾರ ಓಣಿಯ ಬಾಯಿಗೆ ಬಂದಾಗ ದಾವಲಸಾಬನಿಗೆ ತನ್ನ ಸಂಜೆ ಸಿಕ್ಕಿತು, ನನ್ನನ್ನು ಮರೆತು ಒಲೆ ಹೊತ್ತಿಸಿದ. ನಾನು ಒಳಗೆ ಕಾಲಿಟ್ಟವನು ಹಾಗೇ ನಿಂತೆ. ಎಷ್ಟೋ ವರ್ಷವಾಗಿತ್ತು. ಬಿಸಿಲಿನ ಉರಿಯಿಲ್ಲದ ಬೆಳಕು, ಗೋಡೆಗಳ ಮೇಲೆ ಕಿತ್ತಳೆ ಬಣ್ಣ, ಕಟ್ಟೆ ತುಂಬ ಜನ, ಒಲೆಯ ಹೊಗೆ. ಊರಿಗೆಲ್ಲ ಇದನ್ನೇ ಕಳಿಸುತ್ತಿದ್ದೆನೇ, ಇದು ಇಷ್ಟು ಚೆಂದವಿತ್ತೇ ಎಂದು ಕಣ್ಣು ತುಂಬಿತು. ಜನ ನನ್ನನ್ನು ಗುರುತಿಸಿ ಬಯ್ಯಲು ಶುರುಮಾಡಿದ್ದರಿಂದ ಬೇಗ ಒರೆಸಿಕೊಂಡು ಮುಂದೆ ಹೋದೆ. ಸಾಲು ಸಾಲಾಗಿ ಓದುತ್ತ, ಮನೆ ಮನೆ ದಾಟುತ್ತ, ಓಣಿಯ ತುದಿಗೆ ಬಂದೆ. ಕೊನೆಯ ಸಾಲು ಮಾಡಿದೆ. ಹಾಳೆ ತಿರುಗಿಸಿದೆ. ಹಿಂದೆ ಏನೂ ಇರಲಿಲ್ಲ.

ಎಲ್ಲ ತುಂಡುಗಳಿಗೂ ಹಾಕಿದ್ದ ರಿಟರ್ನ್ ಇಲ್ಲಿ ಇರಲಿಲ್ಲ. ಬರೆದದ್ದು ಇಲ್ಲಿಗೆ ಮುಗಿದಿತ್ತು, ಕಾಗದ ಮುಗಿದಿತ್ತು, ಮುಗಿದ ಮೇಲೆ ತಾನಾಗಿಯೇ ಮರಳುತ್ತದೆ ಎಂದು ನನ್ನ ಹೊಸ ವಿದ್ಯೆ ಒಳಗಿಂದ ಹೇಳಿತ್ತು, ನಾನು ಪೆನ್ನು ಮುಚ್ಚಿದ್ದೆ. ಬರೀ ಹಳೆಯ ಭಾಷೆ ಗೊತ್ತಿದ್ದವನು ಈ ತಪ್ಪು ಮಾಡುತ್ತಿರಲಿಲ್ಲ. ಬರೀ ಹೊಸದು ಗೊತ್ತಿದ್ದವನಿಗೆ ಮಾಡಲು ಅವಕಾಶವೇ ಇರಲಿಲ್ಲ. ಎರಡನ್ನೂ ಅರ್ಧರ್ಧ ಕಲಿತ ನನ್ನಂಥವನೇ ಬೇಕಾಗಿತ್ತು.

ಹಾಗೆ ನಿಂತಿದ್ದಾಗ ಪಕ್ಕದ ಬಾಗಿಲೊಳಗಿಂದ ಮಗ್ಗದ ಸದ್ದು ಕೇಳಿತು. ಸಂಜೆಯಲ್ಲಿ ಯಾರೂ ಮಗ್ಗ ಹಿಡಿಯದ ಓಣಿಯಲ್ಲಿ ಒಂದೇ ಒಂದು ಮಗ್ಗ ಆಡುತ್ತಿತ್ತು. ನಾನು ಹೊಸ್ತಿಲ ಮೇಲೆ ನಿಂತು ನೋಡಿದೆ. ಅಕ್ಕ ಬೆನ್ನು ನೇರ ಮಾಡಿ ಕೂತು ಲಾಳಿ ಎಸೆಯುತ್ತಿದ್ದಳು. ನವಿಲುಗೊರಳಿನ ಬಣ್ಣ ಅವಳ ತೊಡೆಯ ಮುಂದಿನಿಂದ ಇಳಿದು ಸುತ್ತಿಕೊಂಡಿತ್ತು. ಒಡಲು ಮುಗಿದು ಸೆರಗಿಗೆ ಬಂದಿದ್ದಳು. ಸದ್ದಿಲ್ಲದೆ ನಿಂತ ನನ್ನನ್ನು ಅವಳೇ ನೋಡಿದಳು, ಲಾಳಿ ಕೈಯಲ್ಲೇ ನಿಂತಿತು. ನಿಮಗೆ ಯಾರು ಬೇಕಾಗಿತ್ತು ಎಂದು ಕೇಳಿದಳು, ಬಹುವಚನದಲ್ಲಿ, ಸೆರಗು ಸರಿಮಾಡಿಕೊಳ್ಳುತ್ತ.

“ನಾನ, ಅಕ್ಕಾ” ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. “ಇನ್ನೊಮ್ಮೆ ಹೇಳ.”

ಇನ್ನೊಮ್ಮೆ ಹೇಳಿದೆ. ಕಣ್ಣು ತೆರೆದು ನೋಡಿದಳು, ಮತ್ತೆ ಮುಚ್ಚಿದಳು, ಧ್ವನಿಯನ್ನೂ ಮುಖವನ್ನೂ ಜೋಡಿಸಲು ಅವಳಿಗೆ ಹೊತ್ತು ಹಿಡಿಯಿತು. ದಿನಾ ಅವಳ ಮುಂದೆ ಕೂತು ರೊಟ್ಟಿ ತಿಂದಿದ್ದೆ. ಆದರೆ ಅವಳು ನನ್ನನ್ನು ಕಡೆಯ ಸಲ ಕಂಡಾಗ ನನಗೆ ತಲೆ ತುಂಬ ಕೂದಲಿತ್ತು, ಸೊಂಟ ಇತ್ತು. ಈಗ ಎದುರಿಗೆ ನಿಂತವನು ಹೊಟ್ಟೆ ಬಂದ, ಬೋಳು ತಲೆಯ, ಬೆವರಿದ ಒಬ್ಬ ಗಂಡಸು.

ಏನು ತಪ್ಪಾಗಿದೆ ಎಂಬುದು ಸಿಕ್ಕಿತೇ ಎಂದು ಕೇಳಿದಳು. ನಾನು ಮಗ್ಗದ ಕಡೆ ನೋಡಿದೆ. ಸೆರಗು ಗೇಣಿನಷ್ಟೂ ಆಗಿರಲಿಲ್ಲ. ಇಲ್ಲಕ್ಕಾ, ಬಹಳ ಕಠಿಣವಿದೆ, ಇನ್ನೂ ನಾಲ್ಕಾರು ದಿನ ಬೇಕಾಗಬಹುದು ಎಂದೆ. ಜೀವಮಾನದಲ್ಲಿ ಮೊದಲ ಸಲ ನನ್ನ ದಡ್ಡತನ ಒಂದು ಉಪಯೋಗಕ್ಕೆ ಬರುತ್ತದೆ ಎನಿಸಿತ್ತು.

“ಸುಳ್ಳ ಹೇಳಾಕತ್ತಿ” ಎಂದಳು ಅಕ್ಕ. “ಸುಳ್ಳ ಹೇಳುವಾಗ ಕೆಳಗಿನ ತುಟಿ ಒಳಗ ಎಳಕೋತಿ. ಸಣ್ಣಾವಿದ್ದಾಗಿಂದ ಹಂಗ. ಇಷ್ಟ ವರ್ಷ ಬರೇ ಧ್ವನಿ ಕೇಳಿ ನಂಬಕೋಂತ ಕುಂತೇನಿ, ಏನೇನ ಸುಳ್ಳ ಹೇಳೀದ್ಯೋ ಏನೋ.”

ಸಿಕ್ಕಿದೆ ಎಂದು ಒಪ್ಪಿಕೊಂಡೆ. ಒಂದೇ ಸಾಲಿನ ಕೆಲಸ ಎಂದೂ ಹೇಳಿದೆ. ಆಮೇಲೆ ಅವಳ ಕಾಲ ಬಳಿ ಕೂತು, ಸೆರಗು ಮುಗಿಯುವವರೆಗೆ ನಾನು ಊರಿಗೆ ಏನಾದರೂ ಒಂದು ನೆಪ ಹೇಳುತ್ತೇನೆ, ಬಯ್ದರೆ ಬಯ್ಯಲಿ, ನೌಕರಿಯಿಂದ ತೆಗೆದರೆ ತೆಗೆಯಲಿ, ನಿನಗೆ ಇಷ್ಟಾದರೂ ಮಾಡುತ್ತೇನೆ ಎಂದು ಗೋಗರೆದೆ. ಅವಳು ಸೀರೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಮುಖದ ಮೇಲೆ ಅದು ಕಾಣುತ್ತಿತ್ತು, ನನ್ನ ಹಾಗೆಯೇ ಅವಳಿಗೂ ಮುಚ್ಚಿಡಲು ಬರುವುದಿಲ್ಲ.

“ಮೌಲಾಬಿ ಕೈ ಸುಟ್ಟಾವಂತಲ್ಲೋ” ಎಂದಳು ಕಡೆಗೆ. “ಹೇಳದ ಕೇಳದ ಒಮ್ಮೆಲೇ ಕತ್ತಲಾದ್ರ ಹೆಂಗ ಇರ್ತೈತಿ ಅಂತ ನನಗ ಕೇಳ. ನನ್ನ ಸೀರಿ ಸಲುವಾಗಿ ಅದನ್ನ ಊರ ಮಂದಿಗೆ ಉಣಸಬ್ಯಾಡ. ಏಳ, ಹೋಗು.”

ನಾನು ಎದ್ದೆ. ಕಳಿಸುವ ಮುಂಚೆ ನಾನಿಲ್ಲಿಗೆ ಬರುತ್ತೇನೆ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಚೇರಿಗೆ ಬಂದು ರಿಟರ್ನ್ ಹಾಕಿ, ನಿಂತಲ್ಲಿಂದಲೇ ಮುಂದುವರಿ ಎಂದೆ. ಯಂತ್ರ ಒಪ್ಪಲಿಲ್ಲ. ಎಲ್ಲಿಂದ ಹೊರಟಿದ್ದೆನೆಂಬುದನ್ನು ಅದು ಎಂದೋ ಮರೆತಿತ್ತು, ಮರಳುವುದಾದರೂ ಎಲ್ಲಿಗೆ? ನಾಳೆಯಿಂದ ಆ ರಿಟರ್ನ್ ನಡೆಯುತ್ತದೆ, ಇಂದಿಗೆ ಅದು ಸಾಲದು. ನಿಂತ ಸಂಜೆಯನ್ನು ಇಂದು ಹೊರಡಿಸಲು ಒಂದೇ ದಾರಿ ಇತ್ತು: ತುಂಡಿನ ನಡುವಿನಿಂದ ಮುಖ್ಯ ಭಾಗದ ನಡುವಿಗೆ, ಬಳೆಗಾರ ಓಣಿಯ ಸಾಲಿಗೆ, ನೇರವಾಗಿ ಒಂದು ಗೋಟು. ಗುರುಗಳು ಗೋಡೆ ಹಾರುವುದು ಎಂದದ್ದು ಇದನ್ನೇ. ಕೈ ತಡೆಯಲಿಲ್ಲ, ಬರೆದೆ. ಆಮೇಲೆ ಅದಕ್ಕೂ ಮುಂಚೆ ಇನ್ನೊಂದು ಸಾಲು ತುರುಕಿದೆ. ಅದು ಇನ್ನೂ ನಾಚಿಕೆಗೇಡಿನದು. ಆ ಯಂತ್ರಕ್ಕೆ ಗಡಿಯಾರ ಇರಲಿಲ್ಲ. ಹೊತ್ತು ಕಳೆಯಬೇಕಾದರೆ ಸುಮ್ಮನೆ ಎಣಿಸು ಎನ್ನಬೇಕು, ಏನನ್ನೂ ಎಣಿಸದೆ ಬರೀ ಅಂಕಿಗಳನ್ನು. ಅದಕ್ಕೆ ಒಂದು ಭಾರಿ ಸಂಖ್ಯೆ ಕೊಟ್ಟು, ಗುಂಡಿ ಒತ್ತಿ, ಬಾಗಿಲನ್ನೂ ಹಾಕದೆ ಓಡಿದೆ. ಹೊಟ್ಟೆ ಹೊತ್ತು ಓಡುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಚಪ್ಪಲಿ ಒಂದು ಗಾಣಿಗರ ಬೀದಿಯ ತಿರುವಿನಲ್ಲೇ ಉಳಿಯಿತು.

ಅಕ್ಕ ಮಗ್ಗದಲ್ಲೇ ಇದ್ದಳು. ನಾನು ಏದುಸಿರು ಬಿಡುತ್ತ, ಇನ್ನು ಸ್ವಲ್ಪ ಹೊತ್ತು ಇದೆ, ಯಂತ್ರ ಎಣಿಸುತ್ತಿದೆ, ಎಷ್ಟಾಗುತ್ತದೋ ಅಷ್ಟು ನೇಯ್ದುಬಿಡು ಎಂದೆ. ಅವಳು ಲಾಳಿಯನ್ನು ಪಕ್ಕಕ್ಕಿಟ್ಟಳು. ಮಗ್ಗದ ಕುಣಿಯಿಂದ ಕಾಲು ಮೇಲೆ ತೆಗೆದು, ನನ್ನನ್ನು ಹೊಸ್ತಿಲ ಬಳಿ ಬೆಳಕಿಗೆ ಕೂರಿಸಿ, ಎದುರಿಗೆ ಕೂತಳು.

ನೋಡಿದಳು. ನಾನು ನಾಚಿ ಅತ್ತಿತ್ತ ತಿರುಗಿದರೆ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹಣೆಯ ಮೇಲಿನ ಗಾಯದ ಗುರುತು ಯಾವಾಗಿನದೆಂದು ಕೇಳಿದಳು, ಕಚೇರಿಯ ಕಿಟಕಿ ಬಡಿದದ್ದು ಎಂದೆ. ನಿನಗೆ ಹೇಳಲೇ ಇಲ್ಲ ಎಂದೆ. ಅಪ್ಪನ ಮೂಗೇ ಬಂದಿದೆ ಎಂದಳು. ಕೂದಲು ಹೋದದ್ದನ್ನು ಯಾರೂ ತನಗೆ ಹೇಳಲಿಲ್ಲವಲ್ಲ ಎಂದು ಸಿಟ್ಟು ಮಾಡಿದಳು, ಅದು ಮುಚ್ಚಿಟ್ಟ ಆಸ್ತಿ ಎಂಬಂತೆ. ನನಗೆ ನಗು ಬಂತು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ, ನೋಡಲು ನಾನು ಯಾರಿಗೂ ಸಿಕ್ಕಿರಲಿಲ್ಲ. ಓಣಿಯ ಬಾಯಿಯ ಕಡೆಯಿಂದ ಗದ್ದಲ ಎದ್ದಿತು. ಮೊದಲ ಮನೆಗಳ ಗೋಡೆಯ ಮೇಲಿನ ಬಣ್ಣ ಕಂದತೊಡಗಿತ್ತು, ಸಂಜೆ ಹೊರಟಿತ್ತು. ದಾವಲಸಾಬನ ಗಾಡಿಯ ಚಕ್ರ ಕಿರುಗುಟ್ಟಿದ್ದು ಕೇಳಿತು.

“ನಾಳೆನೂ ಬಾ” ಎಂದಳು ಅಕ್ಕ. “ನೀ ಎಳಿ ಗಂಟ ಹಾಕಿ ಕೊಟ್ರ, ನಾ ದಿನಾ ಒಂದ ಬೆರಳಷ್ಟಾದ್ರೂ ನೇಯ್ತೀನಿ.”

ಈ ಹೊತ್ತಿನಲ್ಲಿ ನಾನು ಹೇಗೆ ಬರಲಿ, ಸಂಜೆ ಕಳಿಸುವವರು ಬೇಡವೇ, ನಾನಿಲ್ಲದೆ ಕಚೇರಿ ಒಂದು ಗಳಿಗೆಯೂ ನಡೆಯುವುದಿಲ್ಲ ಎಂದು ಅವಳಿಗೆ ತಿಳಿಸಿ ಹೇಳಿದೆ.

ಅವಳು ನನ್ನ ಹೆಗಲ ಮೇಲಿಂದ ಓಣಿಯ ಕಡೆ ನೋಡಿದಳು. ಬೆಳಕು ಮನೆಯಿಂದ ಮನೆಗೆ ಹಿಂದೆ ಸರಿಯುತ್ತ ನಮ್ಮ ಪಕ್ಕದ ಕಟ್ಟೆಯವರೆಗೂ ಬಂದಿತ್ತು. ಬಳೆಗಾರ ಓಣಿಯ ಕಡೆ ಜನ ಕೂಗುತ್ತಿದ್ದರು, ಸಂತೋಷದ ಕೂಗು.

“ಸಂಜಿ ಹೊಂಟೈತಿ. ನೀ ಇಲ್ಲಿ ಕುಂತಿ” ಎಂದಳು. “ಮತ್ತ ಈಗ ಅಲ್ಲಿ ಯಾರ ಅದಾರ?”

ನಾನು ಬಾಯಿ ತೆರೆದೆ. ‘ಮುಂದೆ?’ ಎಂದು ಕೇಳುವ ಸಾಲನ್ನು ನಾನೇ ಕಿತ್ತು ಬಿಸಾಡಿದ್ದೆ.

“ಯಾರೂ ಇಲ್ಲಕ್ಕಾ” ಎಂದೆ.

ನನ್ನ ಕೆಳಗಿನ ತುಟಿ ನೆಟ್ಟಗಿದೆಯೋ ಇಲ್ಲವೋ ಎಂದು ಅವಳು ಬಗ್ಗಿ ನೋಡುತ್ತಿರುವಾಗ ನಮ್ಮ ಹೊಸ್ತಿಲಲ್ಲಿ ಕತ್ತಲಾಯಿತು.